ಸಿಡಿಯದ ಬಂದೂಕಿನ ಲೆಕ್ಕ

ಆಯುಧಪೂಜೆಯ ದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಸೀಮೆಯ ಒಂದು ಮನೆಯ ಪಡಸಾಲೆಯಲ್ಲಿ ಕೂತಿದ್ದೆ. ಕುಂಟೆ, ಕೂರಿಗೆ, ಕುಡುಗೋಲು, ಟ್ರ್ಯಾಕ್ಟರಿನ ಸ್ಪ್ಯಾನರುಗಳನ್ನೆಲ್ಲ ಸಾಲಾಗಿ ಜೋಡಿಸಿದ್ದರು. ಸಾಲಿನ ಕೊನೆಗೆ ಒಂಟಿ ನಳಿಕೆಯ ಬಂದೂಕೊಂದು ಗೋಡೆಗೆ ಒರಗಿತ್ತು. ಅದರ ಹಿಡಿಗೂ ವಿಭೂತಿ, ಸೇವಂತಿಗೆ. ಮನೆಯ ಹಿರಿಯರು ಅದರ ಕಥೆ ಹೇಳಿದರು. ಶೇಂಗಾ ಹೊಲ ಕಾಯಲು ಹೋಗಿದ್ದ ಒಂದು ರಾತ್ರಿ ಬದುವಿನ ಆಚೆ ಕರಡಿ ಎದ್ದು ನಿಂತಿತಂತೆ. ಇವರು ಬಂದೂಕು ಎತ್ತಿ ಗಟ್ಟಿಯಾಗಿ ಕೂಗಿದರು. ಕರಡಿ ಒಂದು ಗಳಿಗೆ ನೋಡಿ ಗುಡ್ಡದ ಕಡೆ ತಿರುಗಿತು.

“ಹೊಡೆದ್ರೇನ್ರಿ?” ಎಂದು ಕೇಳಿದೆ.

“ಇಲ್ರೀ ಸರ, ಕುದುರಿ ಎಳದಿದ್ದೆ, ಅಷ್ಟ್ರಾಗ ಅದು ಹೋತು.”

“ಯಾರಿಗಾದ್ರೂ ತಿಳಿಸಿದ್ರಾ?”

“ಮನ್ಯಾಗ ಹೇಳಿದೆ. ಇಂಥಾದ್ನೆಲ್ಲ ಯಾರು ಬರ್ಕಂತಾರ್ರೀ?”

ಈ ಕೊನೆಯ ಮಾತು ನನ್ನನ್ನು ಹಿಡಿದುಕೊಂಡಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೇರಿದ ಈ ಐದು ತಾಲ್ಲೂಕುಗಳಲ್ಲಿ ಪೊಲೀಸರಲ್ಲದ, ಸೈನಿಕರಲ್ಲದ ಸಾಮಾನ್ಯ ಜನ ಪ್ರಾಣ ಉಳಿಸಿಕೊಳ್ಳಲು ಎಷ್ಟು ಸಲ ಬಂದೂಕು ಎತ್ತಿದ್ದಾರೆ? ಎಲ್ಲಾದರೂ ಯಾರಾದರೂ ಬರೆದಿಟ್ಟಿರಲೇಬೇಕು ಎಂದುಕೊಂಡು ಹೊರಟೆ.

ಈ ಪ್ರಶ್ನೆಯ ಮೇಲೆ ದೊಡ್ಡ ಜಗಳವೇ ನಡೆದಿರುವುದು ಅಮೆರಿಕದಲ್ಲಿ. 1993ರಲ್ಲಿ ಫ್ಲಾರಿಡಾದ ಪ್ರಾಧ್ಯಾಪಕರಾದ ಗ್ಯಾರಿ ಕ್ಲೆಕ್ ಮತ್ತು ಮಾರ್ಕ್ ಗೆರ್ಟ್ಜ್ 4,977 ಮಂದಿಯನ್ನು ಫೋನಿನಲ್ಲಿ ಮಾತಾಡಿಸಿದರು. ಕಳೆದ ಒಂದು ವರ್ಷದಲ್ಲಿ ಆತ್ಮರಕ್ಷಣೆಗೆ ಬಂದೂಕು ಬಳಸಿದ್ದೆವು ಎಂದವರು ಸಾವಿರಕ್ಕೆ 13ರಷ್ಟು. ಅದನ್ನು ಇಡೀ ದೇಶದ ವಯಸ್ಕರಿಗೆ ಹರಡಿದಾಗ ವರ್ಷಕ್ಕೆ ಸುಮಾರು 25 ಲಕ್ಷ ಸಲ ಎಂದಾಯಿತು. 1995ರಲ್ಲಿ ಅಚ್ಚಾದ ಆ ಸಂಖ್ಯೆಯನ್ನು ಇವತ್ತಿಗೂ ಭಾಷಣಗಳಲ್ಲಿ ಎತ್ತಿ ಹೇಳುತ್ತಾರೆ. ಅದೇ ದೇಶದ ಸರ್ಕಾರ ಅಪರಾಧಕ್ಕೆ ತುತ್ತಾದವರನ್ನು ಕೇಳಿ ನಡೆಸುವ ಸಮೀಕ್ಷೆಯಲ್ಲಿ 2007ರಿಂದ 2011ರವರೆಗಿನ ಐದು ವರ್ಷಕ್ಕೆ ಒಟ್ಟು 3,38,700ರಷ್ಟು ಮಾತ್ರ ಬಂತು. ವರ್ಷಕ್ಕೆ 70 ಸಾವಿರದ ಒಳಗೆ. ಒಂದೇ ದೇಶ, ಒಂದೇ ಪ್ರಶ್ನೆ, ಉತ್ತರದಲ್ಲಿ ಮೂವತ್ತೈದು ಪಟ್ಟಿಗೂ ಮೀರಿದ ಅಂತರ.

ಕಾರಣ ತಿಳಿಯಲು ಕೂಡ್ಲಿಗಿಯಲ್ಲೇ ನಿಂತು ನೋಡಬಹುದು. “ಈ ವರ್ಷ ಕರಡಿ ನಿಮ್ಮನ್ನು ಅಟ್ಟಿಸಿಕೊಂಡು ಬಂದಿತ್ತಾ?” ಎಂದು ಐದು ಸಾವಿರ ಜನರನ್ನು ಕೇಳಿ ನೋಡಿ. ನಿಜವಾಗಿ ಹಾಗಾದವರು ಐದಾರು ಮಂದಿ ಇರಬಹುದು. ಆದರೆ ನೂರಕ್ಕೊಬ್ಬರು ಮೂರು ವರ್ಷದ ಹಿಂದಿನದನ್ನು ಈ ವರ್ಷಕ್ಕೆ ತಂದು ಹೇಳಿದರೂ, ಅಣ್ಣನಿಗೆ ಆದದ್ದನ್ನು ತನಗೇ ಆದಂತೆ ಹೇಳಿದರೂ ಐದು ಐವತ್ತೈದಾಗುತ್ತದೆ. ಇದರಲ್ಲಿ ಬೇಕೆಂದೇ ಸುಳ್ಳು ಹೇಳಿದವರು ಒಬ್ಬರೂ ಇರಬೇಕಾಗಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇವಿಡ್ ಹೆಮೆನ್‌ವೇ 1997ರಲ್ಲಿ ಕ್ಲೆಕ್ ಲೆಕ್ಕದ ಮೇಲೆ ಎತ್ತಿದ ಆಕ್ಷೇಪದ ತಿರುಳು ಇದೇ: ಅಪರೂಪದ ಸಂಗತಿಯನ್ನು ಎಲ್ಲರನ್ನೂ ಕೇಳಿ ಎಣಿಸ ಹೊರಟರೆ ತಪ್ಪು ಒಂದೇ ದಿಕ್ಕಿಗೆ, ಮೇಲಕ್ಕೇ ಹೋಗುತ್ತದೆ. ಸರ್ಕಾರಿ ಸಮೀಕ್ಷೆಗೂ ಅದರದೇ ಕೊರತೆಯಿದೆ. “ನಿಮ್ಮ ಮೇಲೆ ಅಪರಾಧ ನಡೆಯಿತೇ?” ಎಂಬ ಮೊದಲ ಪ್ರಶ್ನೆಗೆ ಹೌದು ಎಂದವರಿಗಷ್ಟೇ ಅಲ್ಲಿ ಬಂದೂಕಿನ ಪ್ರಶ್ನೆ ಬರುತ್ತದೆ. ನಾನು ಕೆಳಗಿನ ಸಂಖ್ಯೆಯ ಕಡೆಗೇ ಹೆಚ್ಚು ವಾಲುತ್ತೇನೆ. ಏನೇ ಇರಲಿ, ಅವರ ಬಳಿ ಜಗಳವಾಡಲಿಕ್ಕಾದರೂ ಎರಡು ಸಂಖ್ಯೆಗಳಿವೆ. ನಮ್ಮಲ್ಲಿ ಅಂಥ ವಾರ್ಷಿಕ ಸಮೀಕ್ಷೆ ಇಲ್ಲ. ಕಾಗದದ ಬೆನ್ನು ಹತ್ತುವುದೊಂದೇ ದಾರಿ.

ಕಾಗದದ ಬೆನ್ನು ಹತ್ತಲು ಮೊದಲು ಅದು ಯಾವ ಊರಿನಲ್ಲಿದೆ ಎಂದು ತಿಳಿಯಬೇಕು. ಈ ಐದು ತಾಲ್ಲೂಕುಗಳ ಮಟ್ಟಿಗೆ ಅದೇ ಅರ್ಧ ಸಂಶೋಧನೆ. 1953ರ ಅಕ್ಟೋಬರ್ 1ರವರೆಗೆ ಇದೆಲ್ಲ ಮದ್ರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆ. ಹಾಗಾಗಿ ಹಳೆಯ ಸರ್ಕಾರಿ ಆದೇಶ, ಪೊಲೀಸ್ ಆಡಳಿತ ವರದಿಗಳಿಗೆ ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರಕ್ಕೆ ಹೋಗಬೇಕು. ಹಗರಿಬೊಮ್ಮನಹಳ್ಳಿ ಎಂಬ ತಾಲ್ಲೂಕು ಅಲ್ಲಿನ ಕಾಗದಗಳಲ್ಲಿ ಇಲ್ಲ. ಕೊಟ್ಟೂರು ಕೂಡ್ಲಿಗಿಯೊಳಗಿತ್ತು, ತಾಲ್ಲೂಕಾದದ್ದು 2018ರಲ್ಲಿ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, ಎರಡು ದಶಕದ ಮೇಲೆ ಮರಳಿ ಬಳ್ಳಾರಿಗೆ ಬಂತು. 2021ರಿಂದ ಐದೂ ವಿಜಯನಗರ ಜಿಲ್ಲೆ, ಕೇಂದ್ರ ಹೊಸಪೇಟೆ. ಬಂದೂಕಿನ ಪರವಾನಗಿ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರು. ಅಂದರೆ ಹರಪನಹಳ್ಳಿಯ ರೈತನೊಬ್ಬ ತನ್ನ ಅಪ್ಪನ ಹೆಸರಿನಲ್ಲಿದ್ದ ಬಂದೂಕಿನ ಹಿಂದಿನ ಕಥೆ ತಿಳಿಯಬೇಕಾದರೆ ಮೂರು ಜಿಲ್ಲಾ ಕೇಂದ್ರಗಳ ಮೆಟ್ಟಿಲು ಹತ್ತಬೇಕು. ಮೇಲ್ಮನವಿಗಳ ಪಾಡೂ ಅದೇ. ಬಳ್ಳಾರಿಯ ಪ್ರಕರಣಗಳು 2008ರಿಂದ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದರೆ, ದಾವಣಗೆರೆಯವು ಬೆಂಗಳೂರಿಗೆ.

ಹಿಂದಕ್ಕೆ ಹೋದಷ್ಟೂ ಬಂದೂಕು ಹೆಚ್ಚು, ಕಾಗದ ಕಡಿಮೆ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟಾಗ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಆಗ 80 ಪಾಳೇಗಾರರು, ಅವರ ಕೈಕೆಳಗೆ 30,000 ಆಯುಧಪಾಣಿ ಆಳುಗಳು ಇದ್ದರೆಂದು ಅವನ ಲೆಕ್ಕ. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಯ ಪಾಳೇಗಾರರು ನಮಗೆ ಮನೆಮಾತು. ಊರ ಕಾವಲಿಗೆ ಮಾನ್ಯದ ಹೊಲ ಪಡೆದ ಕಟ್ಟುಬಡಿಗಳು, ತಳವಾರರು ಇದ್ದರು. ಊರ ನಡುವೆ ಸುತ್ತಲೂ ನೋಡುವಂಥ ಹುಡೇವು. ಈ ಸೀಮೆಯ ಹಳ್ಳಿಗಳಲ್ಲಿ ಅವು ಈಗಲೂ ಅಲ್ಲಲ್ಲಿ ನಿಂತಿವೆ. ಕಳ್ಳರು, ದಂಡು ಬಂದರೆ ಮೇಲೇರಿ ಊರು ಕಾಯುವುದು ದಿನದ ಕೆಲಸವಾಗಿತ್ತು. ದಿನದ ಕೆಲಸವನ್ನು ಯಾರೂ ವರದಿ ಮಾಡುವುದಿಲ್ಲ. ಮನ್ರೋ ಎಣಿಸಿದ್ದು ಆಯುಧ ಹಿಡಿದ ಕೈಗಳನ್ನು. ಅವನ್ನು ಕೆಳಗಿಳಿಸುವುದು ಅವನ ಉದ್ದೇಶ. ಆ ಕೈಗಳು ಎಷ್ಟು ಊರು ಕಾದವು ಎಂಬುದು ಅವನಿಗೆ ಬೇಕಿರಲಿಲ್ಲ.

1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಆಜ್ಞೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿ ಬಿದ್ದರು. ಲಾವಣಿ ಕೇಳಿ ಬೆಳೆದ ಎಲ್ಲರಿಗೂ ಗೊತ್ತಿರುವ ಸಂಗತಿ. 1878ರ ಆಯುಧ ಕಾಯ್ದೆಯೊಂದಿಗೆ ಪರವಾನಗಿ ಇಲ್ಲದ ಬಂದೂಕು ಅಪರಾಧವಾಯಿತು. ನನ್ನ ಪ್ರಶ್ನೆಗೆ ಸಮೀಪದ ಲೆಕ್ಕವೊಂದು ಮೊದಲ ಬಾರಿಗೆ ಸಿಗುವುದೂ ಇದೇ ಕಾಲದಲ್ಲೇ. ಕಾಡುಪ್ರಾಣಿ ಮತ್ತು ಹಾವುಗಳಿಂದ ಸತ್ತ ಜನ ಎಷ್ಟು, ದನ ಎಷ್ಟು, ಕೊಂದ ಪ್ರಾಣಿ ಎಷ್ಟು, ಅದಕ್ಕೆ ಕೊಟ್ಟ ಬಹುಮಾನ ಎಷ್ಟು, ಈ ಕೆಲಸಕ್ಕೆಂದು ಕೊಟ್ಟ ಬಂದೂಕಿನ ಪರವಾನಗಿ ಎಷ್ಟು ಎಂದು ಬ್ರಿಟಿಷ್ ಸರ್ಕಾರ ವರ್ಷವರ್ಷವೂ ಪ್ರಾಂತವಾರು ಪಟ್ಟಿ ಹೊರಡಿಸುತ್ತಿತ್ತು. ಆ ಪಟ್ಟಿ ಕೈಗೆ ಬಂದ ದಿನ ನನಗೆ ನಿದ್ದೆ ಬರಲಿಲ್ಲ. ಮರುದಿನ ನಿಧಾನವಾಗಿ ಓದಿದಾಗ ಗೊತ್ತಾಯಿತು: ಇದು ಬಹುಮಾನದ ಲೆಕ್ಕ. ಚಿರತೆಯ ಚರ್ಮ ತಂದವನಿಗೆ ಹಣ, ಹಣ ಕೊಟ್ಟದ್ದಕ್ಕೆ ಕಾಗದ. ಅಟ್ಟಿ ಓಡಿಸಿದ ಚಿರತೆಗೆ ಚರ್ಮವಿಲ್ಲ, ಹಣವಿಲ್ಲ, ಕಾಗದವೂ ಇಲ್ಲ. ಜೀವ ಉಳಿಸಿಕೊಳ್ಳಲು ಹೊಡೆದದ್ದೋ ಬಹುಮಾನಕ್ಕೆ ಹೊಡೆದದ್ದೋ ಎಂದು ಬೇರ್ಪಡಿಸುವ ಕಾಲಮ್ಮೂ ಇಲ್ಲ. ಜಾನ್ ಕೆಲ್ಸಾಲ್ 1872ರಲ್ಲಿ, ಡಬ್ಲ್ಯು. ಫ್ರಾನ್ಸಿಸ್ 1904ರಲ್ಲಿ ಬರೆದ ಬಳ್ಳಾರಿ ಜಿಲ್ಲೆಯ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಬರ, ಕಂದಾಯ, ಕೋಟೆಗಳ ಬಗ್ಗೆ ಅವು ಬಂಗಾರದಂಥ ಪುಸ್ತಕಗಳು. ಹೊಲದ ಮಂಚಿಕೆಯ ಮೇಲೆ ರಾತ್ರಿ ಕಳೆದವನನ್ನು ಅವು ಹತ್ತಿರದಿಂದ ನೋಡಿಲ್ಲ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ತುಂಗಭದ್ರೆಯೇ ಗಡಿಯಾಗಿತ್ತು. ಈಚೆ ಮದ್ರಾಸ್ ಪ್ರಾಂತ, ಆಚೆ ದಡದಲ್ಲಿ ನಿಜಾಮನ ಕೊಪ್ಪಳ. 1947-48ರಲ್ಲಿ ನಿಜಾಮನ ಪರವಾದ ರಜಾಕಾರರ ಹಾವಳಿಗೆ ಎದುರಾಗಿ ಮುಂಡರಗಿ, ಗಜೇಂದ್ರಗಡ, ಹೊಸಪೇಟೆಗಳಲ್ಲಿ ಗಡಿ ಶಿಬಿರಗಳು ನಡೆದವು. ಮುಂಡರಗಿ ಶಿಬಿರದ ಅಳವಂಡಿ ಶಿವಮೂರ್ತಿಸ್ವಾಮಿಗಳ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಸಾಮಾನ್ಯ ಜನ ಬಂದೂಕು ಹಿಡಿದು ತಮ್ಮನ್ನು ತಾವು ಕಾದುಕೊಂಡ ಕಾಲ ಅದು. ಆ ಕಾಲದ ನೆನಪಿನ ಬರಹಗಳಲ್ಲಿ ಹುಡುಕಿದರೆ ಸಿಗುವುದು ಠಾಣೆ, ಸುಂಕದ ಕರೋಡಗಿರಿ ನಾಕೆಗಳ ಮೇಲಿನ ದಾಳಿ. ಊರ ಅಗಸಿಯಲ್ಲಿ ರಾತ್ರಿಯಿಡೀ ಬಂದೂಕು ಹಿಡಿದು ಕೂತು, ಯಾರೂ ಬರದೆ ಬೆಳಗಾದದ್ದನ್ನು ಬರೆದವರು ವಿರಳ. 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ಆ ಅಧ್ಯಾಯ ಮುಗಿಯಿತು.

ಈಗಿನ ಕಾಯ್ದೆ 1959ರದು, ಜಾರಿಗೆ ಬಂದದ್ದು 1962ರಲ್ಲಿ. ಅದರ 13ನೇ ಕಲಮಿನಲ್ಲಿ ನಮ್ಮ ಹೊಲಗಳೇ ಕಾಣುತ್ತವೆ. ರಕ್ಷಣೆಗೆ ಅಥವಾ ಕ್ರೀಡೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಕೆಯ ಬಂದೂಕು. ಬೆಳೆ ರಕ್ಷಣೆಗಾದರೆ ಬಾಯಿಂದ ಮದ್ದು ತುಂಬುವ ಬಂದೂಕು. ಪರವಾನಗಿ ಪುಸ್ತಕದಲ್ಲಿ ಎಸ್‌ಬಿಎಂಎಲ್ ಎಂದು ಬರೆಯುವುದು ಇದನ್ನೇ.

ಆಯುಧಪೂಜೆಯ ದಿನ ಕಂಡದ್ದೂ ಅದೇ ಜಾತಿಯದು. ತುಂಬುವುದನ್ನು ತೋರಿಸಿ ಎಂದು ಕೇಳಿಕೊಂಡೆ. ಮದ್ದಿಲ್ಲದೆ ಬರಿಗೈಯಲ್ಲಿ ಮಾಡಿ ತೋರಿಸಿದರು. ಬಂದೂಕನ್ನು ನೆಟ್ಟಗೆ ನಿಲ್ಲಿಸಿ ಮದ್ದನ್ನು ಅಳತೆಯಿಂದ ಬಾಯಿಗೆ ಸುರಿಯಬೇಕು. ಮೇಲೆ ಚಿಂದಿ ಬಟ್ಟೆ ತುರುಕಿ ಗಜದಿಂದ ನಾಲ್ಕೈದು ಸಲ ಜಡಿಯಬೇಕು. ಚರೆ ಹಾಕಿ ಮತ್ತೆ ಚಿಂದಿ, ಮತ್ತೆ ಗಜ. ಆಮೇಲೆ ಕುದುರೆ ಹಿಂದಕ್ಕೆಳೆದು, ಕೆಳಗಿನ ಸಣ್ಣ ಮೊಳೆಯಂಥದರ ಮೇಲೆ ಕೇಪು ಕೂರಿಸಬೇಕು. ಎಪ್ಪತ್ತು ದಾಟಿದ ಅವರ ಬೆರಳುಗಳು ಕೇಪಿನ ಜಾಗದಲ್ಲಿ ಎರಡು ಸಲ ತಪ್ಪಿದವು. ಹಗಲು ಬೆಳಕಿನಲ್ಲಿ, ಪಡಸಾಲೆಯಲ್ಲಿ, ಯಾವ ಗಾಬರಿಯೂ ಇಲ್ಲದಾಗ ಒಂದು ನಿಮಿಷದ ಹತ್ತಿರ ಹಿಡಿಯಿತು. ಮಳೆಯಲ್ಲಿ ಮದ್ದು ಒದ್ದೆಯಾದರೆ ಹೊತ್ತುವುದಿಲ್ಲ. ಹೊತ್ತಿದರೂ ಒಂದೇ ಈಡು. ಗಾಯಗೊಂಡ ಕರಡಿ ಮೈಮೇಲೆ ಬಂದರೆ ಎರಡನೆಯದಕ್ಕೆ ಸಮಯವಿಲ್ಲ. ಹಾಗಾಗಿ ಅನುಭವವಿದ್ದವರು ಸಾಧ್ಯವಾದಷ್ಟು ಹೊಡೆಯದೆಯೇ ನಿಭಾಯಿಸುತ್ತಾರೆ. ಎತ್ತಿ ತೋರಿಸುವುದು, ಕೂಗುವುದು, ಅಗತ್ಯಬಿದ್ದರೆ ಗಾಳಿಗೆ ಒಂದು ಸದ್ದು. ಇಲ್ಲಿ ಬಂದೂಕಿನ ಹೆಚ್ಚಿನ ಉಪಯೋಗ ನಡೆಯುವುದೇ ಅದು ಸಿಡಿಯದಿದ್ದಾಗ.

ಪರವಾನಗಿ ವಹಿಯಲ್ಲಿ ಬಂದೂಕಿನ ನಂಬರು, ಹಿಡಿದವನ ಹೆಸರು, ಯಾವ ಉದ್ದೇಶಕ್ಕೆ, ನವೀಕರಣ ಯಾವಾಗ ಎಂಬುದೆಲ್ಲ ಇರುತ್ತದೆ. ಉದ್ದೇಶ “ಬೆಳೆ ರಕ್ಷಣೆ”. ಅಲ್ಲಿ ಬೆಳೆಯನ್ನೂ ಬೆಳೆ ಕಾಯುವವನ ಪ್ರಾಣವನ್ನೂ ಬೇರೆ ಮಾಡಲು ಬರುವುದಿಲ್ಲ. ಬಳಸಿದೆಯಾ, ಎಷ್ಟು ಸಲ, ಯಾವುದಕ್ಕೆ ಎಂದು ನವೀಕರಣದ ಹೊತ್ತಿಗೆ ಕೇಳುವ ಜಾಗವಿಲ್ಲ.

ಮನುಷ್ಯರ ವಿರುದ್ಧ ಎತ್ತಿದ ಬಂದೂಕನ್ನು ಹುಡುಕಿಕೊಂಡು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾರ್ಷಿಕ ಸಂಪುಟಗಳಿಗೆ ಹೋದೆ. ಬಂದೂಕಿನಿಂದ ಕೊಲೆಯಾದವರು ಎಷ್ಟು, ಪರವಾನಗಿ ಇದ್ದದ್ದರಿಂದ ಎಷ್ಟು, ಇಲ್ಲದ್ದರಿಂದ ಎಷ್ಟು ಎಂಬ ಪಟ್ಟಿ ಹಳೆಯ ಸಂಪುಟಗಳಲ್ಲಿದೆ. ಪೊಲೀಸ್ ಗುಂಡಿಗೆ ಸತ್ತವರ ಪಟ್ಟಿಯಿದೆ. ಪ್ರಕರಣ ಮುಗಿದ ಬಗೆಗಳ ಪಟ್ಟಿಯಲ್ಲಿ “ಸುಳ್ಳು ದೂರು”, “ಸಂಗತಿಯ ತಪ್ಪು ತಿಳಿವಳಿಕೆ”, “ನಿಜ, ಆದರೆ ಸಾಕ್ಷ್ಯ ಸಾಲದು” ಎಂಬ ಕಾಲಮ್ಮುಗಳಿವೆ. “ಆತ್ಮರಕ್ಷಣೆ” ಎಂಬ ಕಾಲಂ ಇಲ್ಲ.

ಕೋರ್ಟುಗಳ ಅಂತರ್ಜಾಲ ದಾಖಲೆಯಲ್ಲಿ ಇನ್ನೊಂದು ಗೋಡೆ. ಅಲ್ಲಿ ಕಲಂ ಹಾಕಿ ಹುಡುಕಬಹುದು: ಹಳೆಯ ದಂಡಸಂಹಿತೆಯ 302, 307, ಆಯುಧ ಕಾಯ್ದೆಯ 25, 27. ಆತ್ಮರಕ್ಷಣೆಯ ಹಕ್ಕು ಇರುವುದು ಅದೇ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44. ಆದರೆ ಇವು ಯಾರ ಮೇಲೂ ಹೊರಿಸುವ ಆರೋಪಗಳಲ್ಲ, ಆರೋಪಕ್ಕೆ ಕೊಡುವ ಉತ್ತರ. ದೋಷಾರೋಪ ಪಟ್ಟಿಯಲ್ಲಿ ಇಲ್ಲದ ಕಲಂ ಹುಡುಕಾಟದಲ್ಲೂ ಸಿಗದು. ಹಾಗಾಗಿ ಕೊಲೆ, ಕೊಲೆಯತ್ನದ ತೀರ್ಪುಗಳನ್ನು ಒಂದೊಂದಾಗಿ ತೆರೆದು ಓದುವುದೇ ಉಳಿದ ದಾರಿ. ಓದುತ್ತ ಹೋದರೆ ಬದುವಿನ ಜಗಳ, ದಾರಿಯ ಜಗಳ, ನೀರಿನ ಜಗಳ. ಮಾಲು ಎಂದು ಹಾಜರಾಗುವುದು ಹೆಚ್ಚಾಗಿ ಕೊಡಲಿ, ಕುಡುಗೋಲು, ಬಡಿಗೆ, ಕಲ್ಲು. ಆತ್ಮರಕ್ಷಣೆಯ ವಾದ ಬರುವುದೂ ಇವುಗಳ ಸುತ್ತಲೇ.

ಪರವಾನಗಿ ಬಂದೂಕಿನ ಆತ್ಮರಕ್ಷಣೆ ಕಾಗದದಲ್ಲಿ ಏನಾಗುತ್ತದೆ ಎಂದು ತಿಳಿಸಿದ್ದು ಪಂಜಾಬಿನ ಒಂದು ಪ್ರಕರಣ. 1991ರ ಜುಲೈನಲ್ಲಿ ಹೊಲದ ಜಗಳ. ತನ್ನ ತಂದೆಯ ಮೇಲೆ ಮಚ್ಚಿನಂಥ ಗಂಡಾಸಾ ಬಿದ್ದಾಗ ಮಗ ಪರವಾನಗಿ ಬಂದೂಕಿನಿಂದ ಹೊಡೆದ. ಕೆಳಗಿನ ಕೋರ್ಟು ಬಿಟ್ಟಿತು, ಹೈಕೋರ್ಟು ಶಿಕ್ಷಿಸಿತು. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದು ಆತ್ಮರಕ್ಷಣೆಯೇ ಎಂದು ಬಿಡುಗಡೆ ಮಾಡಿ, ಮುಂದಿನವರಿಗೆ ದಾರಿಯಾಗುವಂತೆ ಹತ್ತು ಸೂತ್ರಗಳನ್ನು ಬರೆಯಿತು. ಹದಿನೆಂಟೂವರೆ ವರ್ಷ. ಅಂಕಿಅಂಶದಲ್ಲಿ ಅದು ಕೊಲೆ. ಬಿಟ್ಟಾಗ ಒಂದು ಖುಲಾಸೆ. ಇಷ್ಟು ಉದ್ದದ ಕೋರ್ಟಿನ ದಾರಿಯ ಮುಂದೆ ನಿಲ್ಲುವ ರೈತ, ಬಂದೂಕು ತೋರಿಸಿ ಕಳ್ಳನನ್ನು ಓಡಿಸಿದ್ದನ್ನು ಠಾಣೆಗೆ ಹೋಗಿ ತಾನಾಗಿ ಹೇಳಿಯಾನೇ?

ಪರವಾನಗಿಯೇ ಬೇಡವಾದ ಕೊಡಗಿನ ಕಡೆಗೂ ಒಮ್ಮೆ ತಿರುಗಿದೆ. ಕೊಡವರಿಗೆ, ಜಮ್ಮಾ ಭೂಮಿ ಹಿಡಿದವರಿಗೆ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಬಂದೂಕು ಅಲ್ಲಿ ಹೆಚ್ಚು, ಬಳಕೆಯ ಲೆಕ್ಕ ಅಲ್ಲೂ ಇಲ್ಲ.

ಮರಳಿ ಕರಡಿಗೇ ಬರಬೇಕು, ಈ ಸೀಮೆಯ ಉತ್ತರ ಇರುವುದು ಅಲ್ಲೇ. 1994ರಲ್ಲಿ ದರೋಜಿ ಕರಡಿಧಾಮವಾಯಿತು, ಮುಂದೆ ಗುಡೇಕೋಟೆಯೂ ಆಯಿತು. ಕರಡಿ ಉಳಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಈ ಬಂಡೆಗುಡ್ಡಗಳು ಅದರ ಮನೆ. 1972ರ ವನ್ಯಜೀವಿ ಕಾಯ್ದೆ ಅದನ್ನು ಮೊದಲ ಪಟ್ಟಿಯಲ್ಲಿಟ್ಟಿದೆ. ಅದೇ ಕಾಯ್ದೆಯ 11ನೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ: ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗೆ ಸದ್ಭಾವನೆಯಿಂದ ಕಾಡುಪ್ರಾಣಿಯನ್ನು ಕೊಂದರೆ, ಗಾಯಗೊಳಿಸಿದರೆ ಅಪರಾಧವಲ್ಲ, ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಪ್ರಾಣಕ್ಕೆ ಈ ಮಾತು, ಶೇಂಗಾ ಬೆಳೆಗಲ್ಲ. ಬೆಳೆ ರಕ್ಷಣೆಗೆಂದು ಸಿಕ್ಕ ಬಂದೂಕಿನಿಂದ, ಬೆಳೆ ತಿನ್ನಲು ಬಂದ ಕರಡಿಯನ್ನು, ಪ್ರಾಣ ಉಳಿಸಿಕೊಳ್ಳಲು ಹೊಡೆದೆ ಎಂದು ನಡುರಾತ್ರಿಯ ಸಂಗತಿಯನ್ನು ಸಾಕ್ಷಿಯಿಲ್ಲದೆ ಹೇಳಬೇಕಾದವನ ಸ್ಥಿತಿ ಯೋಚಿಸಿ. ನೂರು ವರ್ಷದ ಹಿಂದೆ ಬಹುಮಾನವಿತ್ತು, ಹೊಡೆಯದವನೂ ಹೊಡೆದೆ ಎನ್ನಬಹುದಿತ್ತು. ಈಗ ಜೈಲಿನ ಭಯವಿದೆ, ಕೂಗಿ ಓಡಿಸಿದವನೂ ಬಾಯಿ ಬಿಡುವುದಿಲ್ಲ. ಅರಣ್ಯ ಇಲಾಖೆಯ ಪರಿಹಾರದ ಕಡತ ತೆರೆಯುವುದು ಗಾಯವೋ ನಷ್ಟವೋ ಆದರೆ. ಗಾಯ ತಪ್ಪಿದ ರಾತ್ರಿಗಳು ಯಾವ ಇಲಾಖೆಗೂ ಸೇರಿಲ್ಲ.

ಇಷ್ಟು ತಿರುಗಿದ ಮೇಲೆ, ಸಂಖ್ಯೆಯನ್ನು ನೇರವಾಗಿ ಹುಡುಕುವುದನ್ನು ಬಿಟ್ಟೆ. ಪಕ್ಕದಿಂದ ಅಳೆಯಲು ಬರುವ ಒಂದು ಜಾಗ ಈ ಸೀಮೆಯಲ್ಲಿದೆ, ಅದನ್ನು ತೋರಿಸಿದ್ದು ಮತ್ತೆ ಅದೇ ಹಿರಿಯರು. ಅವರ ಪರವಾನಗಿ ಪುಸ್ತಕದ ಒಳಗೆ ಮಡಿಸಿಟ್ಟ ಚೀಟಿಗಳಿದ್ದವು: ಚುನಾವಣೆಗೆ ಠಾಣೆಯಲ್ಲಿ ಬಂದೂಕು ಠೇವಣಿ ಇಟ್ಟದ್ದಕ್ಕೆ ಕೊಟ್ಟ ರಸೀದಿಗಳು. ಚುನಾವಣೆ ಘೋಷಣೆಯಾದರೆ ಬಂದೂಕು ಒಪ್ಪಿಸಲು ಪರವಾನಗಿದಾರರಿಗೆ ಆದೇಶ ಬರುತ್ತದೆ. ಬ್ಯಾಂಕ್ ಕಾವಲುಗಾರರಂಥ ಕೆಲವರಿಗೆ ವಿನಾಯಿತಿ. 2023ರ ವಿಧಾನಸಭೆ ಚುನಾವಣೆಗೆ, ಘೋಷಣೆಯಿಂದ ಮತ ಎಣಿಕೆಯವರೆಗೆ, ಮಾರ್ಚ್ 29ರಿಂದ ಮೇ 13. 2024ರ ಲೋಕಸಭೆಗೆ ಮಾರ್ಚ್ 16ರಿಂದ ಜೂನ್ 4, ಎಂಬತ್ತು ದಿನ. ಕೆರೆಕುಂಟೆ ಬತ್ತಿ, ಕರಡಿ ನೀರಿಗೆಂದು ಪಂಪ್‌ಸೆಟ್ಟಿನ ತೋಟಗಳಿಗೆ ಇಳಿಯುವ ತಿಂಗಳುಗಳೂ ಅವೇ.

ಅಂದರೆ ಕೆಲವು ವರ್ಷ ಬೇಸಿಗೆಯಲ್ಲಿ ಹೊಲಗಳಲ್ಲಿ ಬಂದೂಕು ಇರುತ್ತದೆ, ಕೆಲವು ವರ್ಷ ಅದೇ ಬೇಸಿಗೆಯಲ್ಲಿ ಇರುವುದಿಲ್ಲ. ಠಾಣೆಯ ಠೇವಣಿ ವಹಿಯನ್ನೂ ಅರಣ್ಯ ಇಲಾಖೆಯ ಗಾಯದ ಕಡತಗಳನ್ನೂ ಠಾಣೆಯ ಕಳವಿನ ದೂರುಗಳನ್ನೂ ದಿನಾಂಕದ ಪ್ರಕಾರ ಎದುರುಬದುರು ಇಟ್ಟರೆ, ಬಂದೂಕು ಇಲ್ಲದ ಬೇಸಿಗೆಗಳಲ್ಲಿ ಗಾಯ ಹೆಚ್ಚಿತೇ ಎಂದು ನೋಡಬಹುದು. ಒಂದು ತಾಲ್ಲೂಕು, ಒಂದು ಚುನಾವಣೆ ಸಾಲದು. ಬಂದೂಕೂ ಕಡಿಮೆ, ಗಾಯವೂ ಕಡಿಮೆ, ಒಂದೆರಡರ ಏರಿಳಿತ ಆಕಸ್ಮಿಕವಾಗಿರಬಹುದು. ಐದೂ ತಾಲ್ಲೂಕು, ಐದಾರು ಚುನಾವಣೆ ಬೇಕು. ಪಂಚಾಯಿತಿ ಚುನಾವಣೆಗಳೂ ಸೇರಲಿ. ಬರದ ವರ್ಷ, ಮಳೆಯ ವರ್ಷಗಳನ್ನು ಬೇರೆ ಮಾಡಿಕೊಳ್ಳಬೇಕು. ಯಾರ ನೆನಪನ್ನೂ ನಂಬಿ ಕೂರಬೇಕಾಗಿಲ್ಲ, ಯಾರಿಂದಲೂ ತಪ್ಪೊಪ್ಪಿಗೆ ತೆಗೆಸಬೇಕಾಗಿಲ್ಲ.

ಆ ರಸೀದಿಗಳನ್ನು ಒಂದೊಂದಾಗಿ ಬಿಡಿಸಿ ದಿನಾಂಕ ಬರೆದುಕೊಂಡೆ. “ಬಂದೂಕು ಠಾಣ್ಯಾಗ ಇದ್ದಾಗ ರಾತ್ರಿ ಹೊಲಕ್ಕ ಹೆಂಗ ಹೋಗ್ತೀರಿ?” ಎಂದು ಕೇಳಿದೆ. ಮೂಲೆಯಲ್ಲಿದ್ದ ಹಳೆಯ ಎಣ್ಣೆ ಡಬ್ಬ, ಬಡಿಯುವ ಕೋಲು, ಒಂದು ಬ್ಯಾಟರಿ ತೋರಿಸಿದರು. “ಒಬ್ನೇ ಹೋಗಂಗಿಲ್ಲ ಸರ, ಆವಾಗ ಮೊಮ್ಮಗನ್ನ ಕರ್ಕಂಡು ಹೋಗ್ತೀನಿ,” ಎಂದರು. ಮೊಮ್ಮಗ ಏಳನೇ ಇಯತ್ತೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಆ ದಿನಾಂಕಗಳ ಪಕ್ಕಕ್ಕೇ ಬರೆದುಕೊಂಡೆ.